ಚೊಣ್ಣದ ಸಾಹೇಬನ ಪಂಚನಾಮೆ

ನಮ್ಮ ಹಾವಗೆಪ್ಪ ಕಾಕಾನಿಗೆ ಇಂಗ್ಲಿಷ್ ಬರುತ್ತದೆಂಬುದು ಭಾಲ್ಕಿಗೆ ಗೊತ್ತಾದದ್ದು ಒಂದು ಸೋಮವಾರ. ಸ್ವತಃ ಕಾಕಾನಿಗೆ ಗೊತ್ತಾದದ್ದೂ ಅದೇ ಸೋಮವಾರ.

ಪೊಲೀಸ್ ಕಾರ್ಯಾಚರಣೆಯಾಗಿ, ಹಳೆಯ ಸರಕಾರ ಹೋಗಿ ವರ್ಷ ಕಳೆದಿತ್ತು. ಅಲ್ಲಿಯವರೆಗೆ ಉರ್ದೂದಲ್ಲಿ ನಡೆಯುತ್ತಿದ್ದ ಕಚೇರಿಯ ಕಾಗದಗಳು ಇನ್ನು ಮೇಲೆ ಇಂಗ್ಲಿಷಿನಲ್ಲಿ ನಡೆಯಬೇಕೆಂದು ಹುಕುಂ ಬಂದಿತ್ತು. ತಹಶೀಲ ಕಚೇರಿಗೆ ಬಂದ ಹೊಸ ಸಾಹೇಬರು ಗುಮಾಸ್ತರಿಗೆಲ್ಲ ಒಂದೊಂದು ಫಾರಂ ಕೊಟ್ಟರು. ಬರುವ ಭಾಷೆಗಳು ಯಾವುವು ಎಂದು ಕೇಳಿ ಅದರಲ್ಲಿ ನಾಲ್ಕು ಮನೆ ಮಾಡಿದ್ದರು: ಉರ್ದೂ, ಕನ್ನಡ, ಮರಾಠಿ, ಇಂಗ್ಲಿಷ್. ಕಾಕಾನಿಗೆ ಓದಲು ಬರೆಯಲು ಬರುತ್ತಿದ್ದದ್ದು ಉರ್ದೂ ಒಂದೇ. ಕನ್ನಡ ಮತ್ತು ಮರಾಠಿ ಬಾಯಲ್ಲಿದ್ದವು, ಆದ್ದರಿಂದ ಅವುಗಳ ಮುಂದೆಯೂ ಹೌದು ಎಂದು ಬರೆದರು. ನಾಲ್ಕನೆಯ ಮನೆಯ ಮುಂದೆ ಪೆನ್ನು ಹಿಡಿದು ಕೂತಿದ್ದಾಗ ಪಕ್ಕದ ಗುಮಾಸ್ತ ಇಣುಕಿ ನೋಡಿದನಂತೆ. ಆದದ್ದು ಅಷ್ಟೇ. ಅವನು ಇಣುಕದಿದ್ದರೆ ಇಲ್ಲ ಎಂದೇ ಬರೆಯುತ್ತಿದ್ದೆ ಎಂದು ಕಾಕಾ ಆಮೇಲೆ ಬಹಳ ಸಲ ಹೇಳಿದ್ದಾರೆ.

ಹೌದು ಎಂದು ಬರೆದ ಮೇಲೆ ಇಂಗ್ಲಿಷ್ ಬರುವವರಂತೆ ನಡೆದುಕೊಳ್ಳಬೇಕಾಯಿತು. ಮೊದಲ ದಿನ ಚಹಾವನ್ನು ಬಸಿಗೆ ಸುರುವಿಕೊಳ್ಳದೆ ಕಪ್ಪಿನಿಂದಲೇ ಕುಡಿದು ನಾಲಿಗೆ ಸುಟ್ಟುಕೊಂಡರು. ಎರಡನೆಯ ದಿನ ಕಂಕುಳಲ್ಲಿ ಒಂದು ಇಂಗ್ಲಿಷ್ ಪುಸ್ತಕ ಇಟ್ಟುಕೊಂಡು ಬಜಾರದಲ್ಲಿ ಎರಡು ಸುತ್ತು ಹಾಕಿದರು.

ಪುಸ್ತಕ ಸಿಕ್ಕಿದ್ದು ಕಿರಾಣಿ ಅಂಗಡಿಯ ಶಿವರಾಜಪ್ಪನವರಲ್ಲಿ. ಬೀದರದಲ್ಲಿ ನೌಬಾದದ ಕಡೆ ಇಳಿದುಕೊಂಡಿದ್ದ ಮಿಲಿಟರಿಯವರು ಹೋದ ಮೇಲೆ ಅವರ ರದ್ದಿ ಕಾಗದ ಗೋಣಿಚೀಲಗಳಲ್ಲಿ ರೈಲು ಹತ್ತಿ ಭಾಲ್ಕಿಗೆ ಬಂದಿತ್ತು. ಶಿವರಾಜಪ್ಪನವರು ಅದರಲ್ಲಿ ಬೆಲ್ಲ ಕಟ್ಟುತ್ತಿದ್ದರು. ಈ ಪುಸ್ತಕದ ಹಾಳೆ ಹರಿಯಲು ಕೈ ಹಾಕಿದಾಗ ಕಾಕಾ ಅಲ್ಲೇ ಇದ್ದರು.

"ಹರೀಬ್ಯಾಡ್ರಿ, ಹರೀಬ್ಯಾಡ್ರಿ! ಇದು ಇಂಗ್ಲೀಷ್ ಅದ."

"ಬೆಲ್ಲಕ್ಕ ಯಾವ ಭಾಷಾ ಆದ್ರೇನ್ರಿ?" ಎಂದರು ಶಿವರಾಜಪ್ಪನವರು. ಆದರೆ ಕೊಟ್ಟರು. ಅವರಿಗೂ ಆ ಚಿತ್ರಗಳು ಏನೆಂದು ತಿಳಿಯಬೇಕಾಗಿತ್ತು.

ಅದು ಬರೀ ಚಿತ್ರಗಳೇ ಇದ್ದ ಪುಸ್ತಕ. ಮೂವತ್ತೆರಡು ಪುಟ, ಪುಟಕ್ಕೆ ಆರು ಚೌಕ, ಚೌಕಕ್ಕೊಂದು ಬಣ್ಣದ ಚಿತ್ರ. ಅದರಲ್ಲೊಬ್ಬ ಸಾಹೇಬ. ಮೈಗೆ ಅಂಟಿದ ನೀಲಿ ಪೈಜಾಮ, ಪೈಜಾಮದ ಮೇಲೆ ಕೆಂಪು ಚಡ್ಡಿ, ನಮ್ಮ ಕಡೆಯ ಮಾತಿನಲ್ಲಿ ಚೊಣ್ಣ, ಬೆನ್ನ ಮೇಲೆ ಹಳದಿ ಶಲ್ಯ, ಎದೆಯ ಮೇಲೆ ಒಂದು ಗಂಟೆಯ ಚಿತ್ರ. ರೆಕ್ಕೆ ಇಲ್ಲ, ಹಾರುತ್ತಾನೆ. ಅವನ ಹೆಸರು ಪುಸ್ತಕದಲ್ಲಿ ಎಲ್ಲೋ ಬರೆದಿರಲೇಬೇಕು. ನಮ್ಮ ಕಟ್ಟೆಯ ಮೇಲೆ ಅವನಿಗೆ ಚೊಣ್ಣದ ಸಾಹೇಬ ಎಂದು ಹೆಸರಾಯಿತು.

ದಿನಾ ಸಂಜೆ ಕಚೇರಿ ಬಿಟ್ಟ ಮೇಲೆ ನಮ್ಮ ಮನೆಯ ಕಟ್ಟೆಯ ಮೇಲೆ ಮೂರು ಜನ ಸೇರತೊಡಗಿದರು. ಕಾಕಾ ಓದುವವರು. ಶಿವರಾಜಪ್ಪನವರು ಪುಸ್ತಕದ ಮೂಲ ಮಾಲೀಕರು. ಮೂರನೆಯವರು ದರ್ಜಿ ಹಬೀಬ ಚಾಚಾ. ನಾನು ಬಾಗಿಲ ಹಿಂದೆ ಜೋಳ ಹಸನು ಮಾಡುತ್ತಾ ಕೇಳುತ್ತಿದ್ದೆ.

ಉರ್ದೂ ಕಿತಾಬುಗಳನ್ನು ಬಲಗಡೆಯಿಂದ ತೆರೆಯುತ್ತಾರೆ. ನಮ್ಮ ಕೊನೆಯ ಪುಟ ಅವುಗಳ ಮೊದಲ ಪುಟ. ಸಾಲುಗಳೂ ಬಲದಿಂದ ಎಡಕ್ಕೆ ಓಡುತ್ತವೆ. ಕಾಕಾ ಹುಟ್ಟಿದಾಗಿನಿಂದ ಕಂಡ ಪುಸ್ತಕಗಳೆಲ್ಲ ಅವೇ. ಆದ್ದರಿಂದ ಈ ಪುಸ್ತಕವನ್ನೂ ಅವರು ಬಲಗಡೆಯಿಂದ ತೆರೆದು, ಬಲಗಡೆಯ ಚೌಕದ ಮೇಲೆ ಬೆರಳಿಟ್ಟು, ಎಡಕ್ಕೆ ಹೋದರು. ಹಬೀಬ ಚಾಚಾನಿಗೂ ಶಿವರಾಜಪ್ಪನವರಿಗೂ ಅದು ಸರಿಯಾಗಿಯೇ ಕಂಡಿತು. ಅವರು ಕಲಿತದ್ದೂ ಅದೇ ಸಾಲೆಯಲ್ಲಿ.

ಹೀಗೆ ತೆರೆದಾಗ ಮೊದಲು ಸಿಕ್ಕಿದ್ದು ಎರಡು ಚಿತ್ರ. ಬಲಗಡೆ ಕಟ್ಟುಮಸ್ತಾದ ಒಬ್ಬ ಪೈಲ್ವಾನ, ಎಡಗಡೆ ಅದೇ ಮನುಷ್ಯ ಕಡ್ಡಿಯಂತೆ ಒಣಗಿದ್ದಾನೆ.

"ಇಂವ ಯಾರ್ರೀ?" ಎಂದು ಕೇಳಿದರು ಶಿವರಾಜಪ್ಪನವರು.

"ಈ ಪುಸ್ತಕದ ಚಿತ್ರಾ ತೆಗದಾಂವ," ಎಂದರು ಕಾಕಾ. "ಸುರು ಮಾಡುವಾಗ ಹಿಂಗಿದ್ದ. ಮುಗಸೂದ್ರಾಗ ಹಿಂಗಾದ."

"ಪಾಪ," ಎಂದರು ಹಬೀಬ ಚಾಚಾ. "ಕೂತು ಮಾಡೋ ಕೆಲಸ ಎಲ್ಲಾ ಹಂಗೇ. ನನ್ನ ಸೊಂಟ ನೋಡ್ರಿ."

ಪುಟದ ಮೂಲೆಯ ಅಂಕಿಗಳು ಮೂವತ್ತೆರಡು, ಮೂವತ್ತೊಂದು, ಮೂವತ್ತು ಎಂದು ಇಳಿಯುತ್ತಾ ಹೋಗುತ್ತಿದ್ದವು. ಶಿವರಾಜಪ್ಪನವರು ಲೆಕ್ಕದಲ್ಲಿ ಗಟ್ಟಿಗರು, ಕೂಡಲೇ ಹಿಡಿದರು. ಕಾಕಾ ತಡವರಿಸಲಿಲ್ಲ. ಇನ್ನು ಎಷ್ಟು ಪುಟ ಉಳಿದಿವೆ ಎಂದು ಆ ದೇಶದವರು ಮೊದಲೇ ಹೇಳಿಬಿಡುತ್ತಾರೆ, ಓದುವವನು ಮನೆಕೆಲಸ ನೋಡಿಕೊಂಡು ಓದಬಹುದು ಎಂದರು. ಇದು ಎಲ್ಲರಿಗೂ ಒಪ್ಪಿಗೆಯಾಯಿತು. ಇಂಥ ಬುದ್ಧಿ ಇದ್ದುದರಿಂದಲೇ ಅವರು ವಿಮಾನ ಮಾಡಿದರು ಎಂದು ಹಬೀಬ ಚಾಚಾ ಹೇಳಿದರು.

ಜನರ ಬಾಯಿಂದ ಹೊರಡುವ ಬಿಳಿ ಹೊಗೆಯ ವಿಷಯಕ್ಕೆ ಎರಡು ಸಂಜೆ ಹೋದವು. ಪ್ರತಿಯೊಬ್ಬನ ಬಾಯಿಂದಲೂ ಮೋಡದಂಥ ಹೊಗೆ, ಹೊಗೆಯೊಳಗೆ ಅಕ್ಷರ. ಅಲ್ಲಿಯ ಚಳಿಗೆ ಮಾತು ಹೆಪ್ಪುಗಟ್ಟುತ್ತದೆ ಎಂದು ಕಾಕಾ ತೀರ್ಮಾನ ಕೊಟ್ಟರು. ಆ ಅಕ್ಷರಗಳನ್ನು ಓದಿಯೂ ತೋರಿಸಿದರು. ಕಾಕಾನಿಗೆ ಗೊತ್ತಿದ್ದ ಇಂಗ್ಲಿಷ್ ಮಾತು ಐದು: ಯೆಸ್, ನೋ, ಟಿಕೇಟ್, ಪ್ಲಾಟ್‌ಫಾರಂ, ಸ್ಟೇಶನ್ ಮಾಸ್ಟರ್. ಚೊಣ್ಣದ ಸಾಹೇಬ ನಗುತ್ತಿದ್ದರೆ ಮೆಲ್ಲಗೆ "ಯೆಸ್, ಟಿಕೇಟ್" ಎನ್ನುತ್ತಿದ್ದರು. ಸಿಟ್ಟಾಗಿದ್ದರೆ ಕಟ್ಟೆ ಗುದ್ದಿ "ನೋ! ಸ್ಟೇಶನ್ ಮಾಸ್ಟರ್!" ಎನ್ನುತ್ತಿದ್ದರು. ಆಮೇಲೆ ಅದರ ಅರ್ಥವನ್ನು ಕನ್ನಡದಲ್ಲಿ ಹೇಳುತ್ತಿದ್ದರು.

ಬಗೆಹರಿಯದೆ ಉಳಿದದ್ದು ಚೊಣ್ಣ.

"ಅದನ್ನ ಮ್ಯಾಲ ಯಾಕ ಹಾಕ್ಯಾನ ಅಂಬೋದು ಮೊದಲ ಹೇಳ್ರಿ ಹಾವಗೆಪ್ಪನವರ," ಎಂದು ಹಬೀಬ ಚಾಚಾ ದಿನಾ ಪಟ್ಟು ಹಿಡಿಯುತ್ತಿದ್ದರು.

"ಅದು ಅವರ ರಿವಾಜರೀ."

"ರಿವಾಜ ಇದ್ರ ಎಲ್ಲಾರೂ ಹಾಕ್ಬೇಕಲ್ರೀ? ಈ ಪೊಲೀಸಿನಾಂವನ ನೋಡ್ರಿ, ಒಳಗ ಹಾಕ್ಯಾನ."

"ಒಳಗ ಹಾಕ್ಯಾನಂತ ನಿಮಗ ಹ್ಯಾಂಗ ಗೊತ್ತು?" ಎಂದರು ಶಿವರಾಜಪ್ಪನವರು.

"ಇಪ್ಪತ್ತು ವರ್ಷ ಮಂದೀದು ಮಾಪ ತಗೊಂಡೀನಿ ಸಾವಕಾರ್ರ. ನನಗ ಗೊತ್ತಾಗ್ತದ. ಕೇಳ್ರಿಲ್ಲೆ, ಇಂವ ಹಾರ್ತಾನ. ಹಾರುವಾಗ ಕಾಲು ಹಿಂಗ ಅಗಲ ಮಾಡ್ತಾನ. ಹೊಲಿಗಿ ಕಚ್ಚಾ ಇದ್ರ ಸೀಟು ಹರೀತದ. ಹರದದ್ದು ಮುಚ್ಚಲಿಕ್ಕ ಮ್ಯಾಲ ಹಾಕ್ಯಾನ. ಅವನ ದರ್ಜಿ ಸರಿ ಇಲ್ಲ."

ಇನ್ನು ಕಥೆ. ಕಾಕಾ ಓದಿದ ಕಥೆ ಹೀಗಿತ್ತು. ಒಂದು ಜೈಲು. ಅದರೊಳಗೆ ಕಪ್ಪು ಟೋಪಿಯ ಒಬ್ಬ ಬಡವ ತಲೆ ಮೇಲೆ ಕೈಹೊತ್ತು ಕೂತಿದ್ದಾನೆ. ಚೊಣ್ಣದ ಸಾಹೇಬ ಅವನ ಕೊರಳಪಟ್ಟಿ ಹಿಡಿದು ಹೊರಗೆ ತರುತ್ತಾನೆ, ಆಕಾಶದಲ್ಲಿ ಹಾರಿಸಿಕೊಂಡು ಬಂದು ಬೀದಿಗೆ ಬಿಡುತ್ತಾನೆ, ಹೆಗಲಿಗೊಂದು ರೊಕ್ಕದ ಚೀಲ ಕೊಡುತ್ತಾನೆ. ಇಷ್ಟು ಒಳ್ಳೆಯದು ಮಾಡಿದವನಿಗೆ ಆಮೇಲೆ ಏನಾಗುತ್ತದೋ! ಒಬ್ಬ ತಾಯಿ ಕೂಸನ್ನು ಅಪ್ಪಿಕೊಂಡು ನಗುತ್ತಾ ನಿಂತಿದ್ದಾಳೆ. ಸಾಹೇಬ ಬಂದು ಆ ಕೂಸನ್ನು ಇಸಿದುಕೊಳ್ಳುತ್ತಾನೆ. ಕೂಸು ಅಳುತ್ತದೆ, ಹೊತ್ತುಕೊಂಡು ಹಾರುತ್ತಾನೆ. ಒಂದು ಮನೆಗೆ ಬೆಂಕಿ ಬಿದ್ದಿದೆ, ಕಿಟಕಿಯಿಂದ ಒಳಗೆ ಹೋಗುತ್ತಾನೆ. ಬರುವಾಗ ಬರಿಗೈಯಲ್ಲಿ ಬರುತ್ತಾನೆ. ಕೆಳಗೆ ತಾಯಿ ಎದೆ ಬಡಿದುಕೊಂಡು ಅಳುತ್ತಿದ್ದಾಳೆ. ಸಾಹೇಬ ಒಂದು ಕಪಾಟಿನೊಳಗೆ ಹೊಕ್ಕು, ಕೋಟು ಹಾಕಿ, ಚಸ್ಮಾ ಇಟ್ಟುಕೊಂಡು ಗುಮಾಸ್ತನಾಗಿ ಕಚೇರಿಗೆ ಹೋಗಿ ಕೂಡುತ್ತಾನೆ. ಚಸ್ಮಾ ಇಟ್ಟದ್ದಕ್ಕೆ ಯಾರಿಗೂ ಗುರುತು ಸಿಗುವುದಿಲ್ಲ.

ಇತ್ತ ಕಪ್ಪು ಟೋಪಿಯವನು ಚೀಲ ಹೊತ್ತು ಒಂದು ಬ್ಯಾಂಕಿಗೆ ಬರುತ್ತಾನೆ. ಚೀಲದ ರೊಕ್ಕವನ್ನೆಲ್ಲ ತಿಜೋರಿಯಲ್ಲಿ ಜೋಡಿಸಿ ಇಡುತ್ತಾನೆ. ಬಾಗಿಲು ಮುಚ್ಚುತ್ತಾನೆ. ಬ್ಯಾಂಕಿನ ಗೋಡೆ ಒಡೆದಿತ್ತು, ಒಂದು ಮದ್ದಿನ ಕಡ್ಡಿ ಹಚ್ಚಿದ ಕೂಡಲೇ ಅದು ಮೊದಲಿನಂತಾಗುತ್ತದೆ. ಕೊನೆಗೆ ಮನೆಗೆ ಹೋಗುತ್ತಾನೆ. ಹೆಂಡತಿ ಬಾಗಿಲಲ್ಲಿ ನಿಂತಿದ್ದಾಳೆ. ಒಳಗೆ ಕೂತು ಊಟ ಮಾಡುತ್ತಾನೆ. ಪುಸ್ತಕ ಮುಗಿಯಿತು.

"ಆ ಕೂಸು ಏನ್ ಮಾಡಿತ್ರೀ ಅವಗ?" ಎಂದು ಹಬೀಬ ಚಾಚಾ ಕಣ್ಣೊರೆಸಿಕೊಂಡರು. ಶಿವರಾಜಪ್ಪನವರು ಕಪ್ಪು ಟೋಪಿಯವನನ್ನು ಹೊಗಳಿದರು. ರೊಕ್ಕ ತಿರುಗಿ ಇಡುವವನನ್ನು ತಾವು ಈವರೆಗೆ ಕಂಡಿಲ್ಲ, ಕೇಳಿಯೂ ಇಲ್ಲ ಎಂದರು.

ನಾನು ಮಠದ ಪಡಸಾಲೆಯಲ್ಲಿ ಕನ್ನಡ ಮೂರನೆಯ ಪುಸ್ತಕದವರೆಗೆ ಓದಿ ಬಿಟ್ಟವಳು. ಮರುದಿನ ಕಸ ಹೊಡೆಯುವಾಗ ಗೂಡಿನಲ್ಲಿದ್ದ ಆ ಪುಸ್ತಕ ತೆಗೆದು, ನನಗೆ ಕಲಿಸಿದಂತೆ ಎಡಗಡೆಯಿಂದ ನೋಡಿದೆ. ಕಪ್ಪು ಟೋಪಿಯವನು ಬ್ಯಾಂಕು ಒಡೆದ. ಚೊಣ್ಣದ ಸಾಹೇಬ ಬೆಂಕಿಯೊಳಗಿಂದ ಕೂಸನ್ನು ತಂದು ತಾಯಿಗೆ ಕೊಟ್ಟ. ಕಳ್ಳನನ್ನು ಹಿಡಿದು ಜೈಲಿಗೆ ಹಾಕಿದ. ಎಲ್ಲವೂ ನೆಟ್ಟಗಿತ್ತು. ಅಜ್ಜಿ ಭೀಮಬಾಯಿಗೆ ಹೋಗಿ ಹೇಳಿದೆ.

"ಏ ಸತ್ಯವ್ವ," ಎಂದಳು ಅಜ್ಜಿ, "ನೀ ಮೂರ್ನೇ ಪುಸ್ತಕ. ಅಂವ ಕಚೇರಿಯಾಂವ. ಹೋಗಿ ಹಿಟ್ಟು ನಾದು."

ನಾನು ಹೋಗಿ ಹಿಟ್ಟು ನಾದಿದೆ. ಆ ದಿನ ಇನ್ನೊಂದು ಸಲ ಹೇಳಿದ್ದರೆ ರೈಲು ನಿಲ್ಲುತ್ತಿರಲಿಲ್ಲ.

ಭಾಲ್ಕಿಯ ಸಂತೆಗೆ ಹತ್ತು ಊರಿನವರು ಬರುತ್ತಾರೆ. ಶಿವರಾಜಪ್ಪನವರು ಬೆಲ್ಲದ ಜೊತೆಗೆ ಕಥೆಯನ್ನೂ ಕಟ್ಟಿ ಕೊಡತೊಡಗಿದರು. ಮೊದಲ ಸಂತೆಯಲ್ಲಿ ಅದು ಪುಸ್ತಕದಲ್ಲಿದ್ದ ಕಥೆಯಾಗಿತ್ತು. ಎರಡನೆಯ ಸಂತೆಯಲ್ಲಿ ಪುಸ್ತಕ ಬಿದ್ದುಹೋಗಿ, ಬೀದರದ ಕಡೆಯಿಂದ ಕೆಂಪು ಚೊಣ್ಣದವನೊಬ್ಬ ಹಾರಿ ಬರುತ್ತಾನೆ, ಕೂಸುಗಳನ್ನು ಒಯ್ದು ಬೆಂಕಿಗೆ ಹಾಕುತ್ತಾನೆ ಎಂದಾಯಿತು. ಆಗಷ್ಟೇ ವಿಮಾನಗಳನ್ನೂ ಟ್ಯಾಂಕುಗಳನ್ನೂ ಕಂಡ ಜನ. ಹಾರುವ ಮನುಷ್ಯ ಅವರಿಗೆ ದೊಡ್ಡದೆನಿಸಲಿಲ್ಲ. ತಾಯಂದಿರು ಕೂಸುಗಳನ್ನು ಅಂಗಳಕ್ಕೆ ಬಿಡಲಿಲ್ಲ. ಕೆಂಪು ಬಟ್ಟೆ ಯಾರೂ ಒಣಹಾಕಲಿಲ್ಲ. ಹಬೀಬ ಚಾಚಾ ಹೊಲಿದಿಟ್ಟ ಕೆಂಪು ಕುಪ್ಪಸಗಳನ್ನು ಒಯ್ಯಲು ಯಾರೂ ಬರಲಿಲ್ಲ.

ಮೂರನೆಯ ವಾರ ಹಲಬರ್ಗಾ ಸ್ಟೇಶನ್ ಹತ್ತಿರ, ರೈಲು ಹಳಿ ನೋಡುವವನೊಬ್ಬ ಬಿಸಿಲಿಗೆ ಧೋತರ ಮೇಲೆ ಕಟ್ಟಿ, ಕೆಂಪು ನಿಶಾನೆಯನ್ನು ಸೊಂಟಕ್ಕೆ ಸುತ್ತಿಕೊಂಡು ಓಡಿ ಬರುತ್ತಿದ್ದನಂತೆ. ಗಾಡಿ ಬರುವ ಹೊತ್ತು, ಆದ್ದರಿಂದ ಓಡುತ್ತಿದ್ದ. ಹೊಲದಲ್ಲಿದ್ದವರು ಅವನನ್ನು ಹಿಡಿದು ಬೇವಿನ ಮರಕ್ಕೆ ಕಟ್ಟಿದರು. ನಿಶಾನೆ ತೋರಿಸುವವರಿಲ್ಲದೆ ಪರಳಿ ಗಾಡಿ ಒಂದೂವರೆ ತಾಸು ಹೊರಗೇ ನಿಂತಿತು.

ಸರಕಾರ ಎದ್ದದ್ದು ಆಗ. ಮರುದಿನ ಬೆಳಿಗ್ಗೆ ಪೊಲೀಸ್ ಜಮಾದಾರ ಧೊಂಡಿಬಾ ನಮ್ಮ ಕಟ್ಟೆಗೆ ಬಂದರು.

"ಹಾವಗೆಪ್ಪನವರ, ಅಫವಾ, ಈ ಗಾಳಿಸುದ್ದಿ ಹಬ್ಬಿಸಿದಾಂವ ಯಾರಂತ ಹುಡುಕಲತ್ತೀನಿ. ಇಂಗ್ಲೀಷ್ ಪುಸ್ತಕದಾಗಿಂದ ಬಂದದ ಅಂತಾರ. ಭಾಲ್ಕಿಯಾಗ ಇಂಗ್ಲೀಷ್ ಯಾರಿಗೆ ಬರ್ತದ ಅಂತ ಕೇಳಿದೆ. ಇಡೀ ಬಜಾರ ನಿಮ್ಮ ಹೆಸರ ಹೇಳ್ತು."

ಕಾಕಾನ ಮುಖ ಮೊದಲು ಅರಳಿತು, ಆಮೇಲೆ ಬಾಡಿತು.

"ನನಗ ಅಷ್ಟು ಬರಂಗಿಲ್ಲ ಧೊಂಡಿಬಾ."

"ಫಾರಮಿನ್ಯಾಗ ಹೌದು ಅಂತ ಬರದೀರಿ. ಸಾಹೇಬ್ರು ತೆಗದು ನೋಡ್ಯಾರ. ನಡೀರಿ."

ಕಾಕಾ ಪುಸ್ತಕವೊಂದನ್ನೇ ಹಿಡಿದು ಹೋದರು, ಬುತ್ತಿಯನ್ನೂ ಒಯ್ಯಲಿಲ್ಲ. ಅಜ್ಜಿ ಒಂದೇ ಸಮನೆ ಶುರುಮಾಡಿದಳು. ಹದಿನಾರನೆಯ ವರ್ಷಕ್ಕೆ ಕಚೇರಿ ಸೇರಿದ ಮಗ, ಈಗ ಚೊಣ್ಣದವನೊಬ್ಬನ ಸಲುವಾಗಿ ನೌಕರಿ ಕಳೆದುಕೊಂಡರೆ ಮನೆಯಲ್ಲಿ ಒಲೆ ಹೇಗೆ ಉರಿಯಬೇಕು ಎಂದಳು. ಆಮೇಲೆ ಬುತ್ತಿ ನನ್ನ ಕೈಗೆ ಕೊಟ್ಟಳು. "ಹಸ್ಕೊಂಡು ಸುಳ್ಳು ಹೇಳಲಿಕ್ಕ ಬರಂಗಿಲ್ಲ ಅವಗ. ಕೊಟ್ಟು ಬಾ."

ನಾನು ಅಲ್ಲಿಯವರೆಗೆ ಕಚೇರಿಯ ಮೆಟ್ಟಿಲು ಹತ್ತಿದವಳಲ್ಲ. ಸೆರಗು ಎಳೆದುಕೊಂಡು ಬಾಗಿಲ ಪಕ್ಕ ನಿಂತೆ. ಒಳಗೆ ತಹಶೀಲ್ದಾರ ಸಾಹೇಬರ ಮೇಜಿನ ಮೇಲೆ ಪುಸ್ತಕ ತೆರೆದಿತ್ತು. ಸಾಹೇಬರು ಮಂಗಳೂರು ಕಡೆಯವರು. ಅವರ ಕನ್ನಡ ಪುಸ್ತಕದಂತೆ ಇತ್ತು. ನಮ್ಮವರು ಅದನ್ನು ಕೇಳಿ ಇಂಗ್ಲಿಷೇ ಎಂದುಕೊಳ್ಳುತ್ತಿದ್ದರು.

"ಮಾರಾಯರೇ, ಮಗುವನ್ನು ಬೆಂಕಿಗೆ ಹಾಕುವುದು ಇದರಲ್ಲಿ ಎಲ್ಲಿದೆ, ತೋರಿಸಿ."

ಕಾಕಾ ಬೆರಳಿಟ್ಟರು. "ಇಲ್ಲೇ ಅದರಿ ಸಾಹೇಬ್ರ. ಇಲ್ಲೆ ಕೂಸು ಕೈಯಾಗ ಅದ. ಇಲ್ಲೆ ಬೆಂಕಿಯೊಳಗ ಹೊಂಟಾನ. ಇಲ್ಲೆ ನೋಡ್ರಿ, ಕೂಸು ಇಲ್ಲ."

"ಅಲ್ಲಿ ಇಲ್ಲ, ಯಾಕೆಂದರೆ ಇನ್ನೂ ತಂದಿಲ್ಲ!"

"ಬಿಟ್ಟು ಬಂದಾನಲ್ರೀ."

"ತರಲಿಕ್ಕೆ ಹೋಗುತ್ತಾ ಇದ್ದಾನೆ!"

"ಹೋಗ್ಯಾನ ಅಂಬೋದು ನಾನೂ ಒಪ್ಪತೇನ್ರಿ."

ಸಾಹೇಬರು ಜಮಾದಾರರ ಮುಖ ನೋಡಿದರು. ಧೊಂಡಿಬಾ ಮೇಜಿನ ಈ ಕಡೆಯಿಂದ ಒಮ್ಮೆ, ಆ ಕಡೆಯಿಂದ ಒಮ್ಮೆ ಬಗ್ಗಿ ನೋಡಿ, "ಹಾವಗೆಪ್ಪನವರು ಹೇಳೋದೇ ಬರಾಬರ್ ಕಾಣಸ್ತದ್ರಿ," ಎಂದರು. ಸಾಹೇಬರ ಧ್ವನಿ ಏರಿತು. ಬೇಕೆಂದೇ ಜನರನ್ನು ಹೆದರಿಸಿದ್ದೀರಿ, ರೈಲು ನಿಲ್ಲಿಸಿದ್ದೀರಿ, ಫಾರಮಿನಲ್ಲಿ ಸುಳ್ಳು ಬರೆದಿದ್ದೀರಿ, ಈ ಮೂರರಲ್ಲಿ ಒಂದಕ್ಕೇ ನೌಕರಿ ಹೋಗುತ್ತದೆ ಎಂದರು. ಕಾಕಾ ಬೆವರುತ್ತಿದ್ದರು, ಬೆರಳು ಮಾತ್ರ ಬಲಗಡೆಯ ಚೌಕದ ಮೇಲೆ ಗಟ್ಟಿಯಾಗಿ ಇತ್ತು.

ನಾನು ಒಳಗೆ ಹೋಗಿ ಬುತ್ತಿಯನ್ನು ನೆಲದ ಮೇಲಿಟ್ಟೆ. ಪುಸ್ತಕವನ್ನು ಮುಚ್ಚಿ, ಮಗುಚಿ, ಎಡಗಡೆಯಿಂದ ತೆರೆದೆ. ಕಾಕಾನ ಬೆರಳು ಹಿಡಿದು ಎಡಗಡೆಯ ಮೊದಲ ಚೌಕದ ಮೇಲಿಟ್ಟು ಬಲಕ್ಕೆ ನಡೆಸಿಕೊಂಡು ಹೋದೆ. ಪುಟ ತಿರುವುತ್ತಾ ಹೋದೆ. ಹದಿನೆಂಟನೆಯ ಪುಟದಲ್ಲಿ ಕೂಸು ಬೆಂಕಿಯಿಂದ ಹೊರಗೆ ಬಂತು.

"ಯಪ್ಪಾ!" ಎಂದರು ಕಾಕಾ. "ಬಂತು! ಕೂಸು ಹೊರಗ ಬಂತು!" ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು. ಧೊಂಡಿಬಾ ಜಮಾದಾರರು ಟೋಪಿ ತೆಗೆದರು.

ಸಾಹೇಬರು ಕುರ್ಚಿಗೆ ಒರಗಿದರು. "ಹಾಗಾದರೆ ನೀವು ಇಷ್ಟು ದಿನ ಹಿಂದುಮುಂದಾಗಿ ಓದಿದಿರಿ."

"ಸಾಹೇಬ್ರ," ಎಂದರು ಕಾಕಾ ಕೈಮುಗಿದು, "ನಾ ಸರಕಾರ ಕಲಿಸಿದ ದಿಕ್ಕಿನ್ಯಾಗ ಓದೀನ್ರಿ. ಸರಕಾರ ಬದಲ ಆತು. ದಿಕ್ಕು ಬದಲ ಆಗ್ಯದ ಅಂತ ಹುಕುಂ ಬಂದಿಲ್ರಿ."

"ಫಾರಮಿನಲ್ಲಿ ಇಂಗ್ಲಿಷ್ ಬರುತ್ತದೆ ಎಂದು ಬರೆದದ್ದು?"

"ಬರ್ತದ್ರಿ. ಆದರ ಬಲಗಡಿಂದ ಬರ್ತದ್ರಿ."

ಸಾಹೇಬರು ಕಿಟಕಿಯ ಕಡೆ ತಿರುಗಿ ಸ್ವಲ್ಪ ಹೊತ್ತು ಕೆಮ್ಮಿದರು. ಆಮೇಲೆ ಹುಕುಂ ಹೇಳಿದರು. ಭಾಲ್ಕಿ, ಹಲಬರ್ಗಾ, ಔರಾದ, ಈ ಮೂರು ಊರಲ್ಲಿ ಅಫವಾ ಹೆಚ್ಚು. ಹಾವಗೆಪ್ಪನವರು ಪುಸ್ತಕ ಒಯ್ದು ಚಾವಡಿಯಲ್ಲಿ ಜನರ ಮುಂದೆ ಸರಿಯಾದ ದಿಕ್ಕಿನಲ್ಲಿ ಕಥೆ ಹೇಳಬೇಕು. ನಮಗೆ ತಿಳಿಯಿತು, ಹೆದರಿಕೆ ಹೋಯಿತು ಎಂದು ಊರವರು ಪಂಚನಾಮೆಗೆ ಹೆಬ್ಬೆಟ್ಟು ಒತ್ತಬೇಕು. ಮೂರು ಊರಿನ ಹೆಬ್ಬೆಟ್ಟು ಬಂದರೆ ನೌಕರಿ ಉಳಿಯಿತು. ಒಂದು ಊರು ತಪ್ಪಿದರೂ ಕಚೇರಿಗೆ ಬರುವುದು ಬೇಡ.

"ಈ ಹುಡುಗಿ ಜೊತೆಗೆ ಹೋಗಲಿ," ಎಂದರು. "ನಿಮ್ಮ ಬೆರಳಿನ ಮೇಲೆ ನನಗೆ ಭರವಸೆ ಇಲ್ಲ."

ಭಾಲ್ಕಿಯಲ್ಲಿ ಸುಲಭವಾಯಿತು. ಹಬೀಬ ಚಾಚಾ ಮೊದಲು ಹೆಬ್ಬೆಟ್ಟು ಒತ್ತಿದರು. ಚೊಣ್ಣದ ಪ್ರಶ್ನೆ ಎಡದಿಂದ ಓದಿದರೂ ಬಗೆಹರಿಯುವುದಿಲ್ಲ ಎಂದು ಮಾತ್ರ ಬರೆದುಕೊಳ್ಳಲು ಹೇಳಿದರು. ಹಲಬರ್ಗಾದಲ್ಲಿ ಮರಕ್ಕೆ ಕಟ್ಟಿಸಿಕೊಂಡಿದ್ದ ರೈಲಿನವನೇ ಮುಂದೆ ಕೂತು ಕೇಳಿದ, ಕೊನೆಗೆ ಅವನಿಗೆ ಊರವರು ಒಂದು ಟವೆಲ್ಲು ಹೊದಿಸಿದರು. ಅಲ್ಲಿಯೂ ಹೆಬ್ಬೆಟ್ಟು ಬಿತ್ತು.

ಉಳಿದದ್ದು ಔರಾದ. 

ಔರಾದಿನ ಚಾವಡಿಯಲ್ಲಿ ನೂರು ಜನ ಸೇರಿದ್ದರು. ಮುಂದಿನ ಸಾಲಿನಲ್ಲಿ ಗುಂಡಮ್ಮ ಎಂಬ ಮುದುಕಿ ಕೂತಿದ್ದಳು. ಅವಳು ಪಾಟೀಲರ ತಾಯಿ. ಅವಳ ಮುಖ ನೋಡದೆ ಪಾಟೀಲರು ಹೂಂ ಎನ್ನುವವರಲ್ಲ, ಪಾಟೀಲರ ಮುಖ ನೋಡದೆ ಊರು ಹೂಂ ಎನ್ನುವುದಿಲ್ಲ. ಕಾಕಾ ಪುಸ್ತಕ ಎತ್ತಿ ಹಿಡಿದರು, ನಾನು ಬೆರಳು ನಡೆಸಿದೆ. ಕೂಸು ಬೆಂಕಿಯಿಂದ ಬಂದಾಗ ಹೆಂಗಸರೆಲ್ಲ ಉಸಿರುಬಿಟ್ಟರು. ಸಾಹೇಬ ಕಪ್ಪು ಟೋಪಿಯವನ ಕೊರಳಪಟ್ಟಿ ಹಿಡಿದ. ಜೈಲಿಗೆ ಹಾಕಿದ. ಕಾಕಾ ಪುಸ್ತಕ ಮುಚ್ಚಿ ಮುಖ ಒರೆಸಿಕೊಂಡರು. ಧೊಂಡಿಬಾ ಮಸಿಯ ಡಬ್ಬಿ ತೆರೆದರು.

ಯಾರೂ ಮುಂದೆ ಬರಲಿಲ್ಲ.

"ಕೂಸಿಂದು ಚಲೋ ಆತು," ಎಂದಳು ಗುಂಡಮ್ಮ. "ರೊಕ್ಕಾ ತಿರುಗಿ ಇಟ್ಟಾಂವ ಜೇಲಿನ್ಯಾಗ ಯಾಕ ಕುಂತಾನ?"

"ಇಟ್ಟಿಲ್ರೀ ಅವ್ವ. ಕದ್ದಾನ."

"ಹೋದ ತಿಂಗಳ ಇಟ್ಟಿದ್ದ. ಈ ತಿಂಗಳ ಕದ್ದಾನ ಅಂತೀರಿ. ಸರಕಾರ ಬದಲ ಆದ್ರ ಚಲೋ ಮನಷಾರೆಲ್ಲ ಕಳ್ಳರಾಗ್ತಾರೇನಪಾ?"

"ಹಂಗಲ್ರೀ ಅವ್ವ, ಪುಸ್ತಕದ ದಿಕ್ಕು..."

"ದಿಕ್ಕು ನೀ ಇಟ್ಕೋ. ಅವನ ಸಲುವಾಗಿ ನಾ ದಿನಾ ರೊಟ್ಟಿ ಪುಂಡಿಪಲ್ಯ ಎತ್ತಿ ಇಡ್ಲತ್ತೀನಿ. ಅವನ ಕಥಿ ಕೇಳಿ ಈ ಊರಾಗ ಒಂದು ತಾಮ್ರದ ಬಿಂದಗಿ ತಿರುಗಿ ಬಂದದ. ಒಂದು ಕೊಡಲಿ ಬಂದದ. ಒಂದು ಕುರಿ ಬಂದದ, ಮರೀ ಹಾಕ್ಕೊಂಡು ಬಂದದ! ನಿಮ್ಮ ಪೊಲೀಸರು ಯಾವಾಗರೆ ಒಂದು ಕುರಿ ತಂದು ಕೊಟ್ಟಾರೇನು?"

ಧೊಂಡಿಬಾ ಮಸಿ ಡಬ್ಬಿಯ ಕಡೆ ನೋಡಿದರು. ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ. ವೈಜಿನಾಥ ಎಂಬ ಮೀಸೆಯವನು.

"ಅವ್ವಾರ, ನಾ ಕೇಳ್ತೇನಿ. ಕುರಿ ತಂದು ಕಟ್ಟಿದಾಂವ ನಾನೇ. ರೊಕ್ಕಾ ಇಟ್ಟಾಂವ ಮನಿಗೆ ಹೋಗಿ ಉಂಡ ಅಂತ ಹೇಳಿದ್ರು, ಅದಕ್ಕ ತಂದೆ. ಈಗ ಅಂವ ಜೇಲಿಗೆ ಹೋದ ಅಂದ್ರ ನಾ ಏನ್ ಮಾಡಬೇಕು? ಕುರಿ ತಿರುಗಿ ಒಯ್ಲ್ಯಾ?"

"ಕುರಿ ಮುಟ್ಟಿ ನೋಡು ಮಗನ!" ಎಂದು ಕುರಿಯ ಮಾಲೀಕ ಎದ್ದ. ಬಿಂದಿಗೆಯವಳು ಎದ್ದಳು. ಕೊಡಲಿಯವನು ಕೊಡಲಿಯೊಂದಿಗೇ ಬಂದಿದ್ದ, ಅವನೂ ಎದ್ದ. ಪಾಟೀಲರು ತಾಯಿಯ ಮುಖ ನೋಡಿದರು. ಗುಂಡಮ್ಮ ಎರಡೂ ಹೆಬ್ಬೆರಳುಗಳನ್ನು ಮುಷ್ಟಿಯೊಳಗೆ ಮುಚ್ಚಿಟ್ಟುಕೊಂಡಳು. "ಅವನ್ನ ಬಿಡೋತನಾ ಇವು ಹೊರಗ ಬರಂಗಿಲ್ಲ," ಎಂದಳು.

ಔರಾದ ತಪ್ಪಿದರೆ ನೌಕರಿ ತಪ್ಪಿತು. ಕಾಕಾ ಪುಸ್ತಕವನ್ನು ಎದೆಗೆ ಹಿಡಿದು ಚಾವಡಿಯ ಕಂಬಕ್ಕೆ ಒರಗಿದರು. "ಸತ್ಯವ್ವ, ಇನ್ನ ಮುಗೀತು," ಎಂದರು ನನಗಷ್ಟೇ ಕೇಳುವಂತೆ. "ಒಂದು ಕಡಿಂದ ಓದಿದ್ರ ಕೂಸು ಸಾಯ್ತದ. ಇನ್ನೊಂದು ಕಡಿಂದ ಓದಿದ್ರ ಕಳ್ಳ ಜೇಲಿಗೆ ಹೋಗ್ತಾನ."

ನಾನು ಅವರ ಕೈಯಿಂದ ಪುಸ್ತಕ ತೆಗೆದುಕೊಂಡೆ. ಕೂಸಿನ ಕಥೆ ಪುಸ್ತಕದ ನಡುವೆ ಹತ್ತು ಪುಟದಲ್ಲಿತ್ತು. ಕಳ್ಳ ಅದರ ಹಿಂದೆಯೂ ಮುಂದೆಯೂ ಇದ್ದ. ನಾನು ಗುಂಡಮ್ಮನ ಮುಂದೆ ಕೂತು ಮೊದಲು ನಡುವಿನ ಪುಟ ತೆರೆದೆ, ಎಡದಿಂದ ಬಲಕ್ಕೆ ಬೆರಳು ನಡೆಸಿ, ಕೂಸು ತಾಯಿಯ ಕೈಗೆ ಬಂದ ಚಿತ್ರ ತೋರಿಸಿದೆ. ಅವಳು ತಲೆಯಾಡಿಸಿದಳು. ಆಮೇಲೆ ಆ ಹತ್ತು ಪುಟಗಳನ್ನು ಒಟ್ಟಿಗೆ ಚಿವುಟಿ ಹಿಡಿದು, ಅವು ತೆರೆಯದಂತೆ ನನ್ನ ತಲೆಯ ಪಿನ್ನು ಚುಚ್ಚಿದೆ. ಪುಸ್ತಕವನ್ನು ಕೊನೆಗೆ ತಿರುವಿದೆ. ಬಲಗಡೆಯ ಚೌಕದ ಮೇಲೆ ಕಾಕಾನ ಬೆರಳನ್ನೇ ತಂದಿಟ್ಟೆ.

ಕಾಕಾ ಬೆರಳು ನೋಡಿದರು. ನನ್ನನ್ನು ನೋಡಿದರು. ಅವರಿಗೆ ಹುಟ್ಟಿನಿಂದ ಗೊತ್ತಿದ್ದ ದಿಕ್ಕು ಅದು.

"ಯೆಸ್!" ಎಂದು ಕಂಬ ಬಿಟ್ಟು ನೆಟ್ಟಗಾದರು. "ಟಿಕೇಟ್! ನೋಡ್ರೆವ್ವ, ಕೂಸು ಬದುಕಿತು, ಎಲ್ಲಾರಿಗೂ ಸಂತೋಷ ಆತು. ಆವಾಗ ಸಾಹೇಬ ಜೇಲಿಗೆ ಬಂದಾನ. ಬಾಗಲಾ ತೆಗದ್ರು. ಕೊರಳಪಟ್ಟಿ ಹಿಡದು ಹೊರಗ ತಂದಾನ. ಹೋಗು, ಮತ್ತ ಹಿಂಗ ಮಾಡಬ್ಯಾಡ ಅಂತ ಬೀದಿಗೆ ಬಿಟ್ಟಾನ." ನಾನು ಪಿನ್ನು ಚುಚ್ಚಿದ ಪುಟಗಳನ್ನು ಒಂದೇ ಸಲಕ್ಕೆ ದಾಟಿಸಿದೆ. "ಕಪ್ಪು ಟೊಪ್ಪಿಗ್ಯಾಂವ ನಾಚಿಗೊಂಡು ಚೀಲ ಒಯ್ದು ಬ್ಯಾಂಕಿನ್ಯಾಗ ಇಟ್ಟಾನ. ಗೋಡಿ ಒಡದಿತ್ತಲ್ಲ, ಅದನ್ನೂ ತಾನೇ ಸರಿ ಮಾಡ್ಯಾನ. ಮನಿಗೆ ಹೋಗ್ಯಾನ. ಉಣ್ಲತ್ತಾನ ನೋಡ್ರಿ!"

ಗುಂಡಮ್ಮ ಕೊನೆಯ ಚಿತ್ರಕ್ಕೆ ಮುಖ ಹತ್ತಿರ ತಂದು ಅವನ ತಟ್ಟೆಯಲ್ಲಿ ಏನಿದೆ ಎಂದು ಬಹಳ ಹೊತ್ತು ನೋಡಿದಳು. "ಹೊಟ್ಟಿ ತುಂಬ ಉಣ್ಣಲಿ," ಎಂದಳು. ಆಮೇಲೆ ಮುಷ್ಟಿ ಬಿಚ್ಚಿದಳು. ಮೀಸೆಯ ವೈಜಿನಾಥ ಕೂತ. ಕೊಡಲಿಯವನೂ ಕೂತ.

ಧೊಂಡಿಬಾ ಜಮಾದಾರರು ಪಂಚನಾಮೆಯ ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು ತಮಗೆ ಬರುತ್ತಿದ್ದ ಉರ್ದೂದಲ್ಲೇ ಬರೆಯತೊಡಗಿದರು. ಕೂಸು ಸುರಕ್ಷಿತ, ಊರು ಶಾಂತ ಎಂಬಲ್ಲಿವರೆಗೆ ಸರಸರ ಬರೆದರು. ಅಲ್ಲಿ ಪೆನ್ನು ನಿಂತಿತು. ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು.

"ತಂಗೆವ್ವ, ನಾ ಪೊಲೀಸಿನಾಂವ. ಕೈದಿ ಹೊರಗ ಬಂದಾನ ಅಂತ ಬರದ್ರ ಬಾಗಲಾ ತೆಗದಾವ್ರು ಯಾರಂತ ಕೇಳ್ತಾರ. ಯಾರ ಹೆಸರ ಬರೀಲಿ?"

ಕಾಕಾನ ಕಡೆ ನೋಡಿದೆ. ಅವರು ನನ್ನ ಕಡೆಯೇ ನೋಡುತ್ತಿದ್ದರು.

"ಔರಾದಿನವರು ಅಂತ ಬರೀರಿ," ಎಂದೆ.

ಬರೆದರು. ಅದರ ಕೆಳಗೆ ಮೊದಲ ಹೆಬ್ಬೆಟ್ಟು ಗುಂಡಮ್ಮನದು, ಎರಡನೆಯದು ಪಾಟೀಲರದು, ಮೂರನೆಯದು ಕುರಿ ಕದ್ದ ವೈಜಿನಾಥನದು. ಕಾಕಾ ಕಾಗದದ ಮೇಲೆ ಬಗ್ಗಿ, ಮಸಿ ಪೂರಾ ಆರುವವರೆಗೆ ಊದುತ್ತಲೇ ಇದ್ದರು.